ಡಿಎಲ್ ಬಂದ ಮೇಲೂ ಆರು ತಿಂಗಳು ಕಟ್ಟುಪಾಡು: ನನ್ನ ಅನುಭವ

ಡಿಎಲ್ ಸಿಕ್ಕ ಹುಡುಗರಿಗೆ ಮತ್ತೆ ಕಟ್ಟುಪಾಡು ಹಾಕಿದರೆ ನಿನ್ನ ಡ್ರೈವಿಂಗ್ ಸ್ಕೂಲಿಗೆ ಯಾರು ಬರ್ತಾರೆ ಅಂತ ನಮ್ಮ ಲೈನಿನವರೇ ಕೇಳಿದ್ದರು. ಮೊದಲ ವರ್ಷ ಅಡ್ಮಿಷನ್ ಕಾಲು ಭಾಗ ಇಳಿದಿದ್ದೂ ನಿಜ. ಈಗ ಅಪ್ಪ ಅಮ್ಮಂದಿರೇ ಇದಕ್ಕಂತಲೇ ಹುಡುಕಿಕೊಂಡು ಬರುತ್ತಾರೆ.

ನಮ್ಮ ಕಾನೂನು ನಿಮಗೆಲ್ಲ ಗೊತ್ತೇ ಇದೆ. ಎಲ್‌ಎಲ್ (ಲರ್ನರ್ ಲೈಸೆನ್ಸ್) ಆಗಿ 30 ದಿನ ಕಳೆದರೆ ಟೆಸ್ಟ್, ಪಾಸಾದರೆ ಮುಗೀತು. ನಿನ್ನೆವರೆಗೆ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂರಲೇಬೇಕಿತ್ತು, ಇವತ್ತು ಅದೇ ಹುಡುಗ ನಡುರಾತ್ರಿ ಗೆಳೆಯರನ್ನು ತುಂಬಿಕೊಂಡು ಹೈವೇ ಹತ್ತಿದರೂ ಕೇಳುವವರಿಲ್ಲ. ನ್ಯೂಜಿಲೆಂಡಿನಲ್ಲಿ 1987ರಿಂದಲೇ ನಡುವೆ ಇನ್ನೊಂದು ಹಂತ ಇದೆ. ಆ ಹಂತದಲ್ಲಿ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ, ಪಕ್ಕದಲ್ಲಿ ಅನುಭವಸ್ಥರಿಲ್ಲದೆ ಗೆಳೆಯರನ್ನು ಕೂರಿಸುವಂತಿಲ್ಲ. ನಮ್ಮಲ್ಲಿ ಕಲಿತು ಡಿಎಲ್ ಪಡೆದವರಿಗೆ ನಾನು ಹಾಕಿದ ಕಟ್ಟುಪಾಡು ಇವೆರಡೇ.

ಮೊದಲು ನಿಯಮದ ಪಟ್ಟಿ ಪ್ರಿಂಟ್ ಹಾಕಿ ಕೊಟ್ಟೆ. ಯಾರೂ ಓದಲಿಲ್ಲ. ಆಮೇಲೆ ಜಿಪಿಎಸ್ ಟ್ರ್ಯಾಕರ್ ತರಿಸಿದೆ, ಹತ್ತು ಸಾವಿರದ ಹತ್ತಿರ ಹೋಯ್ತು. ಕಾರು ಎಲ್ಲಿದೆ ಅಂತ ಅದು ಹೇಳುತ್ತದೆ, ಒಳಗೆ ಎಷ್ಟು ಜನ ಇದ್ದಾರೆ ಅಂತ ಹೇಳುವುದಿಲ್ಲ. ಮನೆಗಳಲ್ಲಿ ಸುಮ್ನೆ ಜಗಳ ಶುರುವಾಯ್ತು.

ಕೊನೆಗೆ ಕೈಹಿಡಿದದ್ದು ಡಿಪಾಸಿಟ್. ಫೀಸ್ ಜೊತೆ 3,000 ಇಡಬೇಕು, ಆರು ತಿಂಗಳು ಮಾತು ಉಳಿಸಿಕೊಂಡರೆ ವಾಪಸ್. ಆದರೆ ದಿನ ಕಳೆದ ಮಾತ್ರಕ್ಕೆ ಕಟ್ಟುಪಾಡು ಬಿಡುವುದಿಲ್ಲ, ನನ್ನೆದುರು ಓಡಿಸಿ ತೋರಿಸಬೇಕು. ಗೆಳೆಯರನ್ನು ಕರೆದೊಯ್ಯುವ ಆಸೆಯಾ? ಮೊದಲು ಅವರನ್ನೇ ನಮ್ಮ ಕಾರಿನ ಹಿಂದೆ ಕೂರಿಸು. ಹಿಂದಿನಿಂದ ನಗು ಎದ್ದಿತೋ, ಓಡಿಸುವವರ ಕಣ್ಣು ರಸ್ತೆ ಬಿಟ್ಟು ಒಳಗಿನ ಕನ್ನಡಿಗೆ ಹೋಗುತ್ತದೆ, ಬ್ರೇಕಿಗೆ ಹೋಗಬೇಕಾದ ಕಾಲು ಆಕ್ಸಿಲರೇಟರ್ ಮೇಲೇ ಉಳಿಯುತ್ತದೆ. ಕಲಿಸುವವರ ಕಾಲ ಬಳಿಯೂ ಇರುವ ಡ್ಯುಯಲ್ ಕಂಟ್ರೋಲ್ ಬ್ರೇಕ್ ನಾನು ಅತಿ ಹೆಚ್ಚು ಒತ್ತಿರುವುದು ಆಗಲೇ. "ಸರ್, ಬೈಕ್ ಬಂದಿದ್ದು ಕಾಣ್ಲೇ ಇಲ್ಲ" ಅನ್ನುತ್ತಾರೆ. ಆ ಗೆಳೆಯರಿಗೆ ಮೊದಲೇ ಏನು ಹೇಳಿಕೊಟ್ಟಿರುತ್ತೇನೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ರಾತ್ರಿಗೆ ಬೇರೆ ಪ್ರಯೋಗ ಮಾಡಿದೆ. ಖಾಲಿ ಮೈದಾನದಲ್ಲಿ ಕಪ್ಪು ಕೊಡೆ ಬಿಚ್ಚಿಟ್ಟು, ಲೋ ಬೀಮಿನಲ್ಲಿ ನಲವತ್ತರ ಸ್ಪೀಡಿನಲ್ಲಿ ಬಂದು ಅದರ ಮುಂಚೆ ನಿಲ್ಲಿಸು ಅಂದೆ. ಹೆಚ್ಚಿನವರು ಕೊಡೆ ಹಾರಿಸಿದರು. ಆಮೇಲೆ ರಾತ್ರಿಯ ನಿಯಮಕ್ಕೆ ಯಾರೂ ವಾದ ಮಾಡಲಿಲ್ಲ. ಕೊಡೆಗಳ ಖರ್ಚೇ ಒಂದಷ್ಟಾಯ್ತು ಬಿಡಿ.

ಹದಿನಾರು, ಹದಿನೇಳರ ಮಕ್ಕಳಿಗೂ ಕಾರು ಕಲಿಸಿ, ಮನೆ ಹತ್ತಿರ ಅಷ್ಟೇ ಓಡಿಸ್ತಾನೆ ಅಂತ ಬರುವವರು ಇನ್ನೂ ಜಾಸ್ತಿ. ಆ ವಯಸ್ಸಿಗೆ 50 ಸಿಸಿ ಒಳಗಿನ ಗೇರ್ ಇಲ್ಲದ ಬೈಕ್ ಬಿಟ್ಟರೆ ಬೇರೇನೂ ಓಡಿಸುವಂತಿಲ್ಲ. ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು, 12 ತಿಂಗಳು ಗಾಡಿಯ ರಿಜಿಸ್ಟ್ರೇಷನ್ ರದ್ದು. ಇಷ್ಟು ಹೇಳಿದರೂ ಕೆಲವರು ಜಗ್ಗುವುದಿಲ್ಲ. ಮಗನಿಗೆ 25 ತುಂಬುವವರೆಗೆ ಲೈಸೆನ್ಸೇ ಸಿಗಲ್ಲ ಅಂದ ಕೂಡಲೇ ಎದ್ದು ಹೊರಡುತ್ತಾರೆ.

ಡಿಪಾಸಿಟ್ ಈ ವರ್ಷ 4,000 ಮಾಡಿದ್ದೇನೆ. ಇನ್ನೂ ಯಾರೂ ಬೇಡ ಅಂದಿಲ್ಲ.