ಸುಳ್ಳು ಮದುವೆಯ ಕಾದಂಬರಿಗೆ ಕಕ್ಕಡದ ಮಳೆ

ಕಾಫಿ ಕೊಯ್ಲಿನ ದಿನಗಳಲ್ಲಿ ಗಂಡ ಹೆಂಡತಿಯಂತೆ ನಟಿಸುವ ಜೋಡಿಯ ಪ್ರಣಯ ಕಾದಂಬರಿ ಹಿಡಿಯಬೇಡಿ, ನಾಲ್ಕು ಪುಟಕ್ಕೇ ಕಣ್ಣು ಎಳೆಯುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ, ಕೊಡಗಿನ ಜಡಿಮಳೆಯ ತಿಂಗಳು, ಇದಕ್ಕೆ ಹೇಳಿ ಮಾಡಿಸಿದ ಕಾಲ. ಕರೆಂಟನ್ನು ನಂಬದೆ ಚಾರ್ಜ್ ಮಾಡಿದ ದೀಪವೊಂದನ್ನು ಹತ್ತಿರ ಇಟ್ಟುಕೊಳ್ಳಿ.

ಈ ಬಗೆಯ ಹಗುರ ಪ್ರಣಯ ಕಥೆಗಳು ಹೆಚ್ಚಾಗಿ ನಡೆಯುವುದು ಇಂಗ್ಲೆಂಡಿನ ರೀಜೆನ್ಸಿ ಕಾಲದಲ್ಲಿ, ಅಂದರೆ 1811ರಿಂದ 1820. ಮಡಿಕೇರಿಯಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಆಳಿದ್ದೂ ಅದೇ ವರ್ಷಗಳು. ಅವನೇ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ ವಯಸ್ಸನ್ನು ನೆನೆದುಕೊಂಡರೆ ಕಥೆಯ ಕಾಲ ಕೈಗೆ ಸಿಗುತ್ತದೆ. ಕುದುರೆಗಾಡಿಗಳ ಬಗೆಬಗೆಯ ಹೆಸರುಗಳಿಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ಕಾನೂನು ಮಾತ್ರ ತಿಳಿದಿರಲಿ, ಇಲ್ಲದಿದ್ದರೆ ಅರ್ಧ ನಗು ಸೋರಿಹೋಗುತ್ತದೆ. 1753ರ ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಮದುವೆಯಾಗಲು ಚರ್ಚಿನಲ್ಲಿ ಮೂರು ಭಾನುವಾರ ಅದನ್ನು ಮೊದಲೇ ಸಾರಬೇಕಿತ್ತು, ಇಲ್ಲವೇ ಲೈಸೆನ್ಸ್ ತರಬೇಕಿತ್ತು. ಹಾಗಾಗಿ ಅಲ್ಲಿನ ತಂಗುಮನೆಯಲ್ಲಿ ‘ನಾವು ಗಂಡ ಹೆಂಡತಿ’ ಎಂದು ಸುಳ್ಳು ಹೇಳಿದರೆ ಮಾನ ಹೋದೀತು, ಮದುವೆಯಂತೂ ಆಗದು. ಗಡಿ ದಾಟಿ ಸ್ಕಾಟ್ಲೆಂಡಿಗೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಪಾದ್ರಿ ಬೇಡ, ಇಬ್ಬರೂ ಮನಸಾರೆ ಒಪ್ಪಿ ಆಡಿದ ಮಾತೇ ಮದುವೆ. ಒಳಗೊಳಗೆ ನಾಟಕವಾಗಿದ್ದರೆ ಮದುವೆಯಲ್ಲ, ನಿಜ. ಆದರೆ ಸಾಕ್ಷಿಗಳ ಎದುರು ಹೇಳಿಯಾದ ಮೇಲೆ ಅದು ನಾಟಕವೆಂದು ತೋರಿಸುವುದು ಹೇಗೆ? ಪುರೋಹಿತರಿಲ್ಲದೆ ಹಿರಿಯರ ಸಾಕ್ಷಿಯಲ್ಲಿ, ಎರಡೂ ಮನೆಗಳ ಪರವಾಗಿ ನಿಲ್ಲುವ ಅರುವರ ಮಾತಿನಲ್ಲಿ ನಡೆಯುವ ಕೊಡವ ಮದುವೆಯನ್ನು ಕಂಡವರಿಗೆ ಈ ಸಿಕ್ಕು ಬೇಗ ಹೊಳೆಯುತ್ತದೆ. ಜೋಡಿ ಉತ್ತರಕ್ಕೆ ಗಾಡಿ ಹೂಡಿತೋ, ನಿಧಾನವಾಗಿ ಓದಿ.

ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದೂ ಸುಲಭವಿರಲಿಲ್ಲ. 1857ರ ಕಾಯ್ದೆಗೆ ಮೊದಲು ಇಂಗ್ಲೆಂಡಿನಲ್ಲಿ ಮರುಮದುವೆಗೆ ದಾರಿ ಬಿಡುವ ವಿಚ್ಛೇದನಕ್ಕೆ ಪಾರ್ಲಿಮೆಂಟೇ ಪ್ರತ್ಯೇಕ ಕಾಯ್ದೆ ಮಾಡಬೇಕಿತ್ತು. ಹೆಂಡತಿಯ ಕೈಯ ಹಣ ಗಂಡನದಾಗುತ್ತಿತ್ತು. ನಾಯಕಿ ಅಷ್ಟು ಹಿಂಜರಿಯುವುದು ಬಿಂಕಕ್ಕಲ್ಲ.

ಮೊದಲ ಐವತ್ತು ಪುಟಗಳನ್ನು ಹಾರಿಸಬೇಡಿ. ಕರಾರು ಇರುವುದು ಅಲ್ಲೇ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಸುಳ್ಳು ಯಾರಿಗೆ ಬೇಕು, ಎಲ್ಲಿಯವರೆಗೆ, ಗುಟ್ಟು ಗೊತ್ತಿರುವವರು ಯಾರು, ಏನೇನು ಮಾಡಬಾರದು. ಒಂದೊಂದು ಷರತ್ತು ಮುರಿದಂತೆ ಗೆರೆ ಎಳೆಯಿರಿ. ಕೊನೆಗೆ ಉಳಿಯುವ ಒಂದೇ ಷರತ್ತು ಸಾಮಾನ್ಯವಾಗಿ ‘ಪ್ರೀತಿಸಬಾರದು’ ಎಂಬುದು, ಅದು ಎಂದೋ ಮುರಿದಿರುತ್ತದೆ. ಅದು ಓದುಗರಿಗೆ ಗೊತ್ತು, ಅವರಿಬ್ಬರಿಗೆ ಗೊತ್ತಿಲ್ಲ. ಮಜಾ ಇರುವುದೇ ಅಲ್ಲಿ.

ಅದೇ ಚೀಟಿಯಲ್ಲಿ ನಾಯಕನ ಹೆಸರುಗಳೂ ಇರಲಿ. ಹುಟ್ಟುಹೆಸರು, ಮನೆತನದ ಹೆಸರು, ಬಿರುದು ಮೂರೂ ಬೇರೆಬೇರೆ. ಮೂವರು ಗಂಡಸರೆಂದುಕೊಂಡು ಗೊಂದಲ ಬೀಳುವವರುಂಟು. ಡ್ಯೂಕ್ ಆದರೆ ‘ಯುವರ್ ಗ್ರೇಸ್’, ಅವನ ಕೆಳಗಿನ ಮಾರ್ಕ್ವೆಸ್‌ನಿಂದ ಬ್ಯಾರನ್‌ವರೆಗೆ ‘ಮೈ ಲಾರ್ಡ್’. ಈಗಿನ ಇಂಗ್ಲಿಷಿನಲ್ಲಿ ನಮ್ಮ ನೀವು–ನೀನು ಇಲ್ಲ, ಆ ಕೆಲಸವನ್ನು ಹೆಸರೇ ಮಾಡುತ್ತದೆ. ಬಿರುದು ಬಿಟ್ಟು ಹುಟ್ಟುಹೆಸರಿನಿಂದ ಅವಳು ಕರೆದ ಪುಟದಲ್ಲಿ ‘ನೀವು’ ಹೋಗಿ ‘ನೀನು’ ಬಂತೆಂದೇ ಓದಿಕೊಳ್ಳಿ. ಮುತ್ತಿಗಿಂತ ಅದು ದೊಡ್ಡ ಹೆಜ್ಜೆ.

ಮುಕ್ಕಾಲು ಭಾಗದ ಹೊತ್ತಿಗೆ ಗುಟ್ಟು ರಟ್ಟಾಗಿ ಜಗಳ ಬರುತ್ತದೆ. ರಾತ್ರಿ ಅಲ್ಲಿ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ. ಒಂದೋ ಅದಕ್ಕೆ ಮೊದಲೇ ಮಡಚಿ, ಇಲ್ಲವೇ ಮುಗಿಸಿಯೇ ಏಳಿ. ಇದೇ ಜಾತಿಯ ಎರಡು ಪುಸ್ತಕಗಳನ್ನು ಬೆನ್ನಿಗೇ ಓದಿದರೆ ಎರಡನೆಯದು ಸಪ್ಪೆ.

ಓದಿ ಮುಗಿದದ್ದನ್ನು ಗೋಡೆಗೆ ತಾಗಿಸಿ ಇಡಬೇಡಿ, ವಾರದಲ್ಲೇ ಬೂಷ್ಟು ಹಿಡಿಯುತ್ತದೆ. ಒದ್ದೆಯಾಗಿದ್ದರೆ ಒಲೆಯ ಮೇಲೆ ಒಣಗಿಸಬೇಡಿ, ಅಂಟು ಬಿಟ್ಟು ಹಾಳೆ ಕಳಚುತ್ತದೆ. ಪುಟ ಬಿಡಿಸಿ ಫ್ಯಾನಿನ ಗಾಳಿಗೆ ನಿಲ್ಲಿಸಿ, ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಗೆ ಸೇರಿಸಿ.