ಹಳೇ ಕಾರಿಗೆ ಜಿಪಿಎಸ್ ಸ್ಪೀಡೋಮೀಟರ್: ಡ್ಯಾಶ್‌ಬೋರ್ಡ್ ಕೊರೆಯದೆ ಜೋಡಿಸುವುದು ಹೇಗೆ?

ನಮ್ಮ ಮನೆಯ ಮಾರುತಿ 800ಕ್ಕೆ ಇಪ್ಪತ್ತೈದು ವರ್ಷ ದಾಟಿದೆ. ಎಂಜಿನ್ ಇನ್ನೂ ಗಟ್ಟಿ. ಆದರೆ ಸ್ಪೀಡೋಮೀಟರ್ ಮುಳ್ಳು ಮಾತ್ರ ತಿಂಗಳುಗಟ್ಟಲೆ 40ಕ್ಕೂ 60ಕ್ಕೂ ನಡುವೆ ಕುಣಿಯುತ್ತಾ ಇದ್ದು, ಒಂದು ದಿನ ಸೊನ್ನೆಗೆ ಬಿದ್ದು ಅಲ್ಲೇ ಉಳಿಯಿತು. ಕೇಬಲ್ ತುಂಡಾಗಿತ್ತು. ಹೊಸದು ಸಿಗುವವರೆಗೆ ಇರಲಿ ಅಂತ ಸಣ್ಣದೊಂದು ಜಿಪಿಎಸ್ ಮೀಟರ್ ಹಾಕಿಸಿದೆ. ಕೇಬಲ್ ಸಿಕ್ಕ ಮೇಲೂ ಅದನ್ನು ತೆಗೆದಿಲ್ಲ.

ಹಳೇ ಮೀಟರ್ ಕೆಲಸ ಮಾಡುವ ರೀತಿ ಚೆನ್ನಾಗಿದೆ. ಗೇರ್ ಬಾಕ್ಸ್‌ನಿಂದ ಬರುವ ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಮುಟ್ಟದಂತೆ ಕೂತಿರುವ ಅಲ್ಯೂಮಿನಿಯಂ ಬಟ್ಟಲು ಆ ಸೆಳೆತಕ್ಕೆ ತಿರುಗಲು ನೋಡುತ್ತದೆ, ಒಂದು ಸಣ್ಣ ಸ್ಪ್ರಿಂಗ್ ಅದನ್ನು ಹಿಡಿದೆಳೆಯುತ್ತದೆ, ಬಟ್ಟಲಿಗೆ ಸೇರಿದ ಮುಳ್ಳು ನಿಂತ ಜಾಗವೇ ವೇಗ. ಅಂದರೆ ಅದು ನೋಡುವುದು ಚಕ್ರ ಎಷ್ಟು ಸುತ್ತಿತು ಅಂತ ಮಾತ್ರ. ಟೈರ್ ಅಳತೆ ಬದಲಾದರೆ ಲೆಕ್ಕ ತಪ್ಪುತ್ತದೆ. 145/70 ಆರ್12 ಟೈರ್ ತೆಗೆದು 155/65 ಆರ್13 ಹಾಕಿಸಿದರೆ ಸುತ್ತಳತೆ ಸುಮಾರು 5% ಹೆಚ್ಚುತ್ತದೆ. ಆಗ ಸರಿಯಾಗಿದ್ದ ಮೀಟರ್ ಕೂಡ 96 ತೋರಿಸುವಾಗ ಗಾಡಿ 100 ದಾಟಿರುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ ಇದೆ. ಕ್ಯಾಮೆರಾ ಹಿಡಿಯುವುದು ನಿಜವಾದ ವೇಗವನ್ನು, ನಿಮ್ಮ ಮುಳ್ಳನ್ನಲ್ಲ.

ಜಿಪಿಎಸ್‌ಗೆ ಚಕ್ರದ ಹಂಗಿಲ್ಲ. ರೈಲು ಹತ್ತಿರ ಬಂದು ದಾಟಿಹೋಗುವಾಗ ಹಾರ್ನ್ ಸದ್ದಿನ ಸ್ವರ ಬದಲಾಗುತ್ತದೆ ಅಲ್ವಾ, ಹಾಗೇ ಉಪಗ್ರಹಗಳಿಂದ ಬರುವ ಅಲೆಗಳಲ್ಲಿ ಆಗುವ ಸಣ್ಣ ಬದಲಾವಣೆ ಹಿಡಿದು ವೇಗ ಲೆಕ್ಕ ಹಾಕುತ್ತದೆ.

ಕೊಳ್ಳುವ ಮೊದಲು ಫೋನ್‌ನಲ್ಲಿ ಒಂದು ಉಚಿತ ಸ್ಪೀಡೋಮೀಟರ್ ಆ್ಯಪ್ ಹಾಕಿ ನಾಲ್ಕು ದಿನ ಓಡಿಸಿ ನೋಡಿ. ಡೇಟಾ ಬೇಕಿಲ್ಲ, ಲೊಕೇಶನ್ ಆನ್ ಇದ್ದರೆ ಸಾಕು. ಇದನ್ನೇ ಕಾಯಂ ಮಾಡಿಕೊಳ್ಳಬೇಡಿ. ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಮೇಲಿಟ್ಟ ಫೋನ್ ಕಾದು ಹೋಗುತ್ತದೆ, ಮಧ್ಯೆ ಕರೆ ಬಂದರೆ ಕಣ್ಣು ಅತ್ತ ಹೋಗುತ್ತದೆ.

ಕೊಳ್ಳುವಾಗ ಒಂದು ವಿಷಯ ಗಟ್ಟಿಯಾಗಿ ಕೇಳಿ: ಇದು ಓಬಿಡಿ ಪೋರ್ಟ್ ಇಲ್ಲದೆ ನಡೆಯುತ್ತದಾ? ಓಬಿಡಿ ಅಂದರೆ ಹೊಸ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರ್‌ನಿಂದ ಮಾಹಿತಿ ಪಡೆಯುವ ಕಿಂಡಿ. ಹಳೇ ಕಾರ್ಬುರೇಟರ್ ಗಾಡಿಯಲ್ಲಿ ಅದು ಇರುವುದಿಲ್ಲ, ಹಾಗಾಗಿ ಬರೀ ಓಬಿಡಿಯಿಂದ ನಡೆಯುವ ಮೀಟರ್ ಅದಕ್ಕೆ ಹಾಕಲು ಬರುವುದೇ ಇಲ್ಲ. ರಾತ್ರಿ ಬೆಳಕು ತಗ್ಗಿಸುವ ಸೌಲಭ್ಯ ಇರಲಿ. ಗಾಜಿನ ಮೇಲೆ ಅಂಕಿ ಮೂಡಿಸುವ ಮಾದರಿ ರಾತ್ರಿ ಚೆಂದ, ಮಧ್ಯಾಹ್ನದ ಬಿಸಿಲಿಗೆ ಓದುವುದು ಕಷ್ಟ. ಹಾಗಾಗಿ ನಾನು ಪುಟ್ಟ ಪರದೆ ಇರುವುದನ್ನೇ ಆರಿಸಿದೆ.

ಇನ್ನು ಜಾಗ. ಮುಂದಿನ ಗಾಜಿನ ಬುಡದಲ್ಲಿ, ಆಂಟೆನಾಗೆ ಆಕಾಶ ಕಾಣುವ ಹಾಗೆ, ರಸ್ತೆಗೆ ಅಡ್ಡ ಬಾರದ ಹಾಗೆ ಇಡಿ. ಮೇಲೆ ಕಬ್ಬಿಣದ ತಗಡು ಬಂದರೆ ಸಿಗ್ನಲ್ ಸಿಗುವುದಿಲ್ಲ. ಗಾಜಿಗೆ ಹಳೇ ಲೋಹದ ಸನ್ ಫಿಲ್ಮ್ ಇದ್ದರೂ ಅದೇ ತೊಂದರೆ, ಅದನ್ನು ಕಿತ್ತುಹಾಕಿ. 2012ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದೆ. ಅಂಟಿಸಲು ಎರಡು ಬದಿಯ ಟೇಪ್ ಸಾಕು. ದಯವಿಟ್ಟು ಡ್ಯಾಶ್‌ಬೋರ್ಡ್‌ಗೆ ಡ್ರಿಲ್ ಹಾಕಬೇಡಿ, ಹಾಕಿಸಬೇಡಿ. ಪದ್ಮಿನಿ, ಅಂಬಾಸಿಡರ್‌ಗಳ ಡ್ಯಾಶ್‌ಬೋರ್ಡ್ ಒಮ್ಮೆ ಹಾಳಾದರೆ ಅಂಥದ್ದೇ ಇನ್ನೊಂದನ್ನು ಹುಡುಕಿ ಸಾಕಾಗುತ್ತದೆ.

ಕರೆಂಟ್‌ಗೆ ಸುಲಭ ದಾರಿ ಸಿಗರೇಟ್ ಲೈಟರ್ ಸಾಕೆಟ್. ಅದು ಇಲ್ಲದಿದ್ದರೆ ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ವೈರನ್ನು ಮಲ್ಟಿಮೀಟರ್‌ನಲ್ಲಿ ಹುಡುಕಿ, ನಡುವೆ 1 ಅಥವಾ 2 ಆಂಪಿಯರ್ ಫ್ಯೂಸ್ ಹಾಕಿ ಎಳೆದುಕೊಳ್ಳಿ. ಯುಎಸ್‌ಬಿ ಮೀಟರ್ ಆದರೆ 12ನ್ನು 5 ವೋಲ್ಟ್‌ಗೆ ಇಳಿಸುವ ಅಡಾಪ್ಟರ್ ಬೇಕೇ ಬೇಕು. ನಮ್ಮದಕ್ಕೆ ವೈರ್ ಎಳೆದವರು ಫ್ಯೂಸ್ ಹಾಕದೆ, ಸದಾ ಕರೆಂಟ್ ಇರುವ ವೈರಿಗೇ ಸೇರಿಸಿಬಿಟ್ಟಿದ್ದರು. ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಬ್ಯಾಟರಿ ಇಳಿದುಹೋಗಿತ್ತು. ತುಂಬಾ ಹಳೇ ಗಾಡಿಯಾದರೆ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಅಂತಲೂ ನೋಡಿ. ಕೆಲವು ಹಳೇ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತದೆ, ಅಂದರೆ ಬಾಡಿಗೆ ಸೇರಿರುವುದು ಬ್ಯಾಟರಿಯ ಪಾಸಿಟಿವ್ ತುದಿ, ಉಲ್ಟಾ ಕೊಟ್ಟರೆ ಮೀಟರ್ ಸುಟ್ಟುಹೋಗಬಹುದು.

ಮೊದಲ ಸಲ ಬಯಲಲ್ಲಿ ಗಾಡಿ ನಿಲ್ಲಿಸಿ ಆನ್ ಮಾಡಿ, ಕೆಲವು ನಿಮಿಷ ಕಾಯಿರಿ. ಆಮೇಲೆ ಪರೀಕ್ಷೆ. ಇದು ನನಗೆ ತುಂಬಾ ಇಷ್ಟವಾದ ಭಾಗ. ನೇರ, ಖಾಲಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಪಕ್ಕದಲ್ಲಿ ಕೂತವರು ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ಸ್ಟಾಪ್‌ವಾಚ್ ಹಿಡಿಯಲಿ. 3600ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ: 72 ಸೆಕೆಂಡ್ ಅಂದರೆ 50, 60 ಸೆಕೆಂಡ್ ಅಂದರೆ 60, 45 ಆದರೆ 80. ಒಂದೊಂದು ಕಲ್ಲು ಜಾಗ ತಪ್ಪಿರಬಹುದು, ಐದಾರು ಕಿಲೋಮೀಟರ್ ಹೀಗೇ ನೋಡಿ. ನಮ್ಮ ಜಿಪಿಎಸ್ ಈ ಲೆಕ್ಕಕ್ಕೆ ಸರಿಹೊಂದಿತು. ಹಳೇ ಮುಳ್ಳು 60 ತೋರಿಸಿದಾಗ ನಿಜವಾದ ವೇಗ 55. ಅದು ಕೆಟ್ಟಿದೆ ಅಂತಲ್ಲ. ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸಲೇಬಾರದು, ಜಾಸ್ತಿ ತೋರಿಸಿದರೂ ನಿಜವಾದ ವೇಗದ 10% ಮತ್ತು 4 ಕಿ.ಮೀ. ಸೇರಿಸಿದಷ್ಟನ್ನು ಮೀರಬಾರದು ಎನ್ನುತ್ತದೆ ವಿಶ್ವಸಂಸ್ಥೆಯ 39ನೇ ನಿಯಮ. ಅದಕ್ಕೇ ಕಂಪನಿಗಳು ಸ್ವಲ್ಪ ಮೇಲಕ್ಕೇ ಇಟ್ಟಿರುತ್ತವೆ.

ಜಿಪಿಎಸ್‌ಗೂ ಮಿತಿ ಇದೆ. ಜೋರಾಗಿ ಬ್ರೇಕ್ ಹಾಕಿದಾಗ ಅಂಕಿ ಒಂದು ಸೆಕೆಂಡ್ ತಡವಾಗಿ ಇಳಿಯುತ್ತದೆ. ಶಿರಾಡಿ ಘಾಟಿಯಂಥ ಕಡೆ, ಮರಗಳ ಕೆಳಗಿನ ತಿರುವುಗಳಲ್ಲಿ, ಅಂಕಿ ಏರುಪೇರಾಗುತ್ತದೆ. ಕಾರವಾರದ ಸುರಂಗದೊಳಗೆ ಹೊಕ್ಕರೆ ಸಿಗ್ನಲ್ಲೇ ಇರುವುದಿಲ್ಲ. ಅಲ್ಲೆಲ್ಲ ಹಳೇ ಮುಳ್ಳನ್ನೇ ನಂಬಬೇಕು.

ಆದ್ದರಿಂದ ಕೇಬಲ್ ರಿಪೇರಿ ಬಿಡಬೇಡಿ. 15 ವರ್ಷ ದಾಟಿದ ಗಾಡಿಯನ್ನು ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಒಯ್ದಾಗ ಸ್ಪೀಡೋಮೀಟರ್ ಕೂಡ ನೋಡುವ ಪಟ್ಟಿಯಲ್ಲಿದೆ. ಕೇಬಲ್ ತುಂಡಾದರೆ ಗಾಡಿ ಒಟ್ಟು ಓಡಿದ ಕಿಲೋಮೀಟರ್ ತೋರಿಸುವ ಓಡೋಮೀಟರ್ ಕೂಡ ನಿಲ್ಲುತ್ತದೆ. ನಿಂತ ದಿನದ ಅಂಕಿ ಮತ್ತು ರಿಪೇರಿಯಾಗುವವರೆಗೆ ಜಿಪಿಎಸ್ ಲೆಕ್ಕ ಹಾಕಿದ ಕಿಲೋಮೀಟರ್ ಎರಡನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಆಯಿಲ್ ಬದಲಿಸುವ ಲೆಕ್ಕಕ್ಕೂ ಬೇಕು, ಮುಂದೆ ಗಾಡಿ ಕೊಳ್ಳುವವರಿಗೆ ತೋರಿಸಲೂ ಬೇಕು.