ಒಲಿಂಪಿಕ್ಸಲ್ಲಿ ಕುದುರೆ ಸ್ಪರ್ಧೆ ನೋಡೋದು ಹೇಗೆ? ಮೊದಲು ಪೆನಾಲ್ಟಿ ಲೆಕ್ಕ ಹಿಡ್ಕೊಳ್ಳಿ

ಕುದುರೆ ಸ್ಪರ್ಧೆ ಬಂದ ತಕ್ಷಣ ಎಷ್ಟೋ ಜನ ಚಾನೆಲ್ ಚೇಂಜ್ ಮಾಡ್ತಾರೆ, ಯಾರು ಮುಂದಿದ್ದಾರೆ ಯಾರು ಹಿಂದಿದ್ದಾರೆ ಒಂದೂ ತಲೆಗೆ ಹೋಗಲ್ಲ, ಅದಕ್ಕೆ. ಇದು ರೇಸ್ ಅಲ್ಲ, ಅದನ್ನ ಮೊದ್ಲು ತಲೆಯಿಂದ ತೆಗೀರಿ. ಒಲಿಂಪಿಕ್ಸಲ್ಲಿರೋದು ಮೂರೇ: ಡ್ರೆಸಾಜ್ (ಕುದುರೆಗೆ ಕಲಿಸಿದ ನಡೆಗಳನ್ನ ಮಾಡಿಸಿ ತೋರಿಸೋದು), ಜಂಪಿಂಗ್ (ಅಡ್ಡ ಇಟ್ಟ ಕಂಬಗಳನ್ನ ಹಾರೋದು), ಈವೆಂಟಿಂಗ್ (ಇವೆರಡರ ಜೊತೆ ಕ್ರಾಸ್ ಕಂಟ್ರಿನೂ ಸೇರಿದ್ದು). ಗಂಡಸ್ರು ಹೆಂಗಸ್ರು ಅಂತ ಬೇರೆ ಬೇರೆ ಪಟ್ಟಿ ಇಲ್ಲ, ಎಲ್ಲಾ ಒಂದೇ ಮೆಡಲ್‌ಗೆ ಪೈಪೋಟಿ.

ಹೊಸಬ್ರು ಜಂಪಿಂಗಿಂದ ಶುರು ಮಾಡಿ, ಇದು ಸುಲಭ. ಕಂಬ ಬಿದ್ರೆ 4 ಫಾಲ್ಟ್ (ಅಂದ್ರೆ ಪೆನಾಲ್ಟಿ ಅಂಕ, ಕಮ್ಮಿ ಇದ್ದಷ್ಟೂ ಒಳ್ಳೇದು), ಕುದುರೆ ಹಾರಲ್ಲ ಅಂತ ನಿಂತ್ಬಿಟ್ರೆ 4, ಎರಡನೇ ಸಲ ನಿಂತ್ರೆ ಔಟ್, ರೈಡರ್ ಆಗ್ಲಿ ಕುದುರೆ ಆಗ್ಲಿ ಬಿದ್ರೂ ಔಟ್. ಟೈಮ್ ಮೀರಿದ್ರೆ ಅದಕ್ಕೂ ಫಾಲ್ಟ್ ಬೀಳತ್ತೆ. ಕುದುರೆ ಕಾಲು ತಾಗಿದ್ರೂ ಕಂಬ ಅಲ್ಲಾಡಿ ಮತ್ತೆ ಹಾಗೇ ಕೂತ್ರೆ ಏನೂ ಇಲ್ಲ, ಸೊನ್ನೆನೇ. ಆದ್ರೆ ನೀರಿನ ಜಂಪ್ ನೋಡುವಾಗ ಆ ಕಡೆ ಅಂಚಲ್ಲಿರೋ ಬಿಳಿ ಪಟ್ಟಿ ಮೇಲೆ ಕಣ್ಣಿಡಿ, ಕಾಲು ಅದರ ಮೇಲೆ ಬಿದ್ರೂ 4. ಸಾಧ್ಯ ಆದ್ರೆ ಸ್ಪರ್ಧೆಗೆ ಮುಂಚೆನೇ ಟಿವಿ ಹಾಕಿ, ರೈಡರ್‌ಗಳು ಕುದುರೆ ಇಲ್ದೆ ಕಾಲ್ನಡಿಗೇಲಿ ಕೋರ್ಸ್ ಸುತ್ತುತಿರ್ತಾರೆ. ಸುಮ್ನೆ ವಾಕಿಂಗ್ ಅಲ್ಲ ಅದು, ತಮ್ಮ ನಾಲ್ಕು ಹೆಜ್ಜೆಗೆ ಕುದುರೆದು ಒಂದು ದಾಪು ಅಂತ ಲೆಕ್ಕ ಹಾಕ್ತಾ ಎರಡು ಜಂಪ್ ಮಧ್ಯೆ ಐದು ದಾಪು ಹಾಕಿಸ್ಬೇಕಾ ಆರಾ ಅಂತ ಅಲ್ಲೇ ತೀರ್ಮಾನ ಮಾಡ್ಕೊತಾರೆ, ಕಂಬ ಬೀಳೋದು ಬಹಳಷ್ಟು ಸಲ ಈ ಲೆಕ್ಕ ತಪ್ಪಿದಾಗ್ಲೇ.

ಡ್ರೆಸಾಜ್ ಮೊದಲ ಸಲ ನೋಡಿದ್ರೆ ಬೋರ್ ಹೊಡೀಬಹುದು, ನಿಜ ಹೇಳ್ತೀನಿ. 60 ಮೀಟರ್ ಉದ್ದ 20 ಮೀಟರ್ ಅಗಲದ ಅಂಗಳ, ಸುತ್ತ ಏಳು ಜನ ಜಡ್ಜ್‌ಗಳು, ಒಂದೊಂದು ಮೂವ್‌ಮೆಂಟಿಗೂ 0ಯಿಂದ 10ರ ಒಳಗೆ ಮಾರ್ಕ್ಸ್, ಕೊನೆಗೆ ಪರ್ಸೆಂಟ್. ನಿಮ್ಗೆ ಒಂದೇ ಒಂದು ಕೆಲಸ ಕೊಡ್ತೀನಿ: ಕುದುರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಬರುವಾಗ ಪ್ರತಿ ದಾಪಿಗೂ ಮುಂದಿನ ಕಾಲು ಬದಲಾಯಿಸ್ತಾ ಕುಣೀತಾ ಬರತ್ತಲ್ಲ, ಅದನ್ನ ಎಣಿಸಿ. ಗ್ರ್ಯಾಂಡ್ ಪ್ರಿ ಅನ್ನೋ ಮೇಲ್ಮಟ್ಟದ ಡ್ರೆಸಾಜ್ ಟೆಸ್ಟಲ್ಲಿ 15 ಆಗ್ಬೇಕು. ಮಧ್ಯೆ ಎಲ್ಲಾದ್ರೂ ತಪ್ಪಿದ್ರೆ ಮಾರ್ಕ್ಸ್ ಹೋಯ್ತು ಅಂತ ಕಾಮೆಂಟೇಟರ್‌ಗಿಂತ ಮುಂಚೆ ನಿಮ್ಗೇ ಗೊತ್ತಾಗತ್ತೆ. ಹಾಗೇ ಬಾಲ ಪಟಪಟ ಹೊಡ್ಕೊತಿದ್ರೆ, ಬಾಯಿ ತೆಗೀತಿದ್ರೆ ಕುದುರೆಗೆ ಕಿರಿಕಿರಿ ಆಗ್ತಿದೆ ಅಂತ ಅರ್ಥ. ಹ್ಯಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಭಾರತದ ಟೀಮ್ ಗೋಲ್ಡ್ ಹೊಡೆದಿದ್ದು ಇದೇ ಡ್ರೆಸಾಜಲ್ಲಿ, 2023ರಲ್ಲಿ, ಕುದುರೆ ಸ್ಪರ್ಧೇಲಿ 41 ವರ್ಷ ಆದ್ಮೇಲೆ ಬಂದ ಚಿನ್ನ ಅದು.

ಈಗ ಈವೆಂಟಿಂಗ್, ನನ್ ಪ್ರಕಾರ ಟೈಮ್ ಕೊಟ್ಟು ನೋಡ್ಬೇಕಾಗಿರೋದು ಇದೇ. ಒಂದೇ ಕುದುರೆ, ಒಬ್ರೇ ರೈಡರ್, ಡ್ರೆಸಾಜ್, ಕ್ರಾಸ್ ಕಂಟ್ರಿ (ಬಯಲಲ್ಲಿ ಓಡ್ತಾ ಗಟ್ಟಿ ಅಡ್ಡಗಳನ್ನ ಹಾರೋದು), ಜಂಪಿಂಗ್ ಮೂರೂ ಮಾಡ್ಬೇಕು, ಮೂರರ ಪೆನಾಲ್ಟಿನೂ ಕೂಡ್ತಾ ಹೋಗ್ತಾರೆ, ಕಮ್ಮಿ ಇರೋರು ಮೇಲೆ. ನಮ್ಮ ಭಾರತದ ರೈಡರ್ ಫವಾದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸ್ ಸ್ಕೋರ್ ತಗೊಂಡ್ರೆ ಪೂರ್ತಿ ಲೆಕ್ಕ ಸಿಗತ್ತೆ. ಡ್ರೆಸಾಜಲ್ಲಿ 72 ಪರ್ಸೆಂಟ್, ನೂರರಿಂದ ಕಳೆದ್ರೆ 28, ಅಲ್ಲಿಂದ ಲೆಕ್ಕ ಶುರು. ಕ್ರಾಸ್ ಕಂಟ್ರೀಲಿ ಕುದುರೆ ಒಂದು ಕಡೇನೂ ನಿಲ್ಲಲಿಲ್ಲ, ಆದ್ರೆ ನಿಗದಿ ಟೈಮಿಗಿಂತ 28 ಸೆಕೆಂಡ್ ಲೇಟ್, ಸೆಕೆಂಡಿಗೆ 0.4ರಂತೆ 11.20 ಸೇರಿ 39.20 ಆಯ್ತು. ಜಂಪಿಂಗಲ್ಲಿ 8 ಸೇರಿ 47.20. ಮೊದಲ 25 ಜನಕ್ಕೆ ಇನ್ನೊಂದು ಜಂಪಿಂಗ್ ರೌಂಡ್ ಇರತ್ತೆ, ಅಲ್ಲಿ 12.40, ಒಟ್ಟು 59.60, ಕೊನೆಗೆ 23ನೇ ಸ್ಥಾನ.

ಕ್ರಾಸ್ ಕಂಟ್ರೀಲಿ ಕುದುರೆ ಒಮ್ಮೆ ಮುಖ ತಿರುಗಿಸಿದ್ರೆ 20, ಅಂದ್ರೆ ಐದು ಕಂಬ ಬೀಳಿಸಿದಷ್ಟು, ಮೆಡಲ್ ಆಸೆ ಅಲ್ಲಿಗೇ ಮುಗೀತು ಅಂತಾನೇ ಇಟ್ಕೊಳ್ಳಿ. ಅದಕ್ಕೇ ಕೆಲವು ಕಡೆ ಎರಡು ದಾರಿ ಇಟ್ಟಿರ್ತಾರೆ, ನೇರ ಹೋದ್ರೆ ಕಷ್ಟ ಆದ್ರೆ ಟೈಮ್ ಉಳಿಯತ್ತೆ, ಸುತ್ಕೊಂಡು ಹೋದ್ರೆ ಸೇಫು ಆದ್ರೆ ಸೆಕೆಂಡ್‌ಗಳು ಹೋಗತ್ವೆ. ಯಾವ ರೈಡರ್ ಯಾವ ದಾರಿ ಹಿಡಿದ್ರು ನೋಡ್ತಾ ಇರಿ. ಪ್ರತಿ ಅಡ್ಡದ ಹತ್ರ ಕೆಂಪು ಬಾವುಟ ಬಲಗಡೆ, ಬಿಳಿ ಎಡಗಡೆ ಇರತ್ತೆ, ಮಧ್ಯದಲ್ಲೇ ಹಾರ್ಬೇಕು. ಮಾರನೇ ದಿನ ಬೆಳಗ್ಗೆ ವೆಟ್ (ಪಶುವೈದ್ಯರು) ಮುಂದೆ ಕುದುರೇನ ಓಡಿಸಿ ತೋರಿಸ್ಬೇಕು, ಕುಂಟ್ತಿದ್ರೆ ಎಷ್ಟೇ ಮುಂದಿದ್ರೂ ಆಟ ಖತಂ.

ಎಲ್ಲಾ ನೋಡೋಕೆ ಪುರುಸೊತ್ತಿಲ್ವಾ, ಈವೆಂಟಿಂಗ್ ಕೊನೆ ಜಂಪಿಂಗ್ ರೌಂಡಿನ ಕೊನೆ ಅರ್ಧ ಗಂಟೆ ಆದ್ರೂ ನೋಡಿ. ಹಿಂದಿರೋರು ಮೊದ್ಲು, ಲೀಡರ್ ಕೊನೇಲಿ ಬರ್ತಾರೆ. ಲೀಡರ್‌ಗೂ ಎರಡನೆಯವರಿಗೂ ಎಷ್ಟು ಅಂತರ ಇದೆ ಅಂತ ಮೊದ್ಲೇ ನೋಡ್ಕೊಂಡಿರಿ, 4ಕ್ಕಿಂತ ಕಮ್ಮಿ ಇದ್ರೆ ಒಂದೇ ಒಂದು ಕಂಬಕ್ಕೆ ಗೋಲ್ಡ್ ಕೈ ಬದಲಾಗತ್ತೆ.